ದೇವರ ಕಡೆ ತಿರುಗಿದರೆ ನರಳುವ ಗಿಟಾರು

ಕೆಟ್ಟ ಮೋಟಾರು ಹಿಡಿದುಕೊಂಡು ನನ್ನ ಅಂಗಡಿಗೆ ಬರುವವರು ‘ಕೆಟ್ಟಿದೆ, ನೋಡಿ’ ಎಂದು ಎಂದೂ ಹೇಳುವುದಿಲ್ಲ. ಯಾಕೆ ಕೆಟ್ಟಿದೆ ಎಂಬುದನ್ನು ನನಗೆ ಕಲಿಸಲಿಕ್ಕೆ ಬರುತ್ತಾರೆ. ಮೂವತ್ತು ವರ್ಷದಿಂದ ಇದು ನಡೆದೇ ಇದೆ, ಮುಂದೆಯೂ ನಡೆಯುತ್ತದೆ. ಪಾಂಡುರಂಗ ಮನುಷ್ಯನಿಗೆ ಎರಡು ಕಿವಿ ಒಂದು ಬಾಯಿ ಕೊಟ್ಟ. ಕೆಲಸ ಮಾತ್ರ ಒಂದಕ್ಕೇ ಹಚ್ಚಿದ.

ಪುಣೆಯ ಕೋಥರೂಡದಲ್ಲಿ ನನ್ನದೊಂದು ವೈಂಡಿಂಗ್ ಅಂಗಡಿ. ಫ್ಯಾನು, ಮಿಕ್ಸರು, ನೀರೆತ್ತುವ ಪಂಪು, ಇವುಗಳ ಹೊಟ್ಟೆಯೊಳಗಿನ ತಾಮ್ರದ ತಂತಿ ಸುಟ್ಟರೆ ಬಿಚ್ಚಿ ಹೊಸದಾಗಿ ಸುತ್ತಿಕೊಡುತ್ತೇನೆ. ಓದಿದ್ದು ವಿಜಯಪುರದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೆಯ ಇಯತ್ತೆವರೆಗೆ. ಮುಂದಿನದನ್ನು ತಂತಿ ಕಲಿಸಿತು.

ಒಮ್ಮೆ ಒಬ್ಬ ಗೃಹಸ್ಥರು ಮಿಕ್ಸರು ತಂದರು. ಇದು ಓಲ್ಟೇಜಿನ ದೋಷ ಎಂದು ಅರ್ಧ ತಾಸು ಉಪನ್ಯಾಸ ಕೊಟ್ಟರು. ನಾನು ಸುಮ್ಮನೆ ಬಿಚ್ಚಿದೆ. ಒಳಗೆ ಒಂದು ಬಟ್ಟಲು ಆಗುವಷ್ಟು ಶೇಂಗಾ ಚಟ್ನಿಪುಡಿ. ಅಂಗೈಯಲ್ಲಿ ಹಾಕಿ ತೋರಿಸಿದೆ. ಅವರು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡು ವಿಚಾರ ಮಾಡಿದರು.

“ಉಪ್ಪು ಕಮ್ಮಿ ಆಗೇದ್ರಿ. ಇದು ನಮ್ಮ ಮನೀದಲ್ಲ.”

ಇಂಥ ಜಾಣರನ್ನು ಬಿಡಿಬಿಡಿಯಾಗಿ ನೋಡಿದ್ದೆ. ಒಟ್ಟಿಗೆ, ಸಾಲಾಗಿ ನಿಲ್ಲಿಸಿ ನೋಡಿದ್ದು ನನ್ನ ಮಗಳ ಗಿಟಾರಿಗೆ ಹೊಸ ಪಿಕಪ್ ಆರಿಸಲು ಹೊರಟಾಗ.

೧. ದೇವರ ಮುಂದೆ

ಇಲ್ಲಿಯ ಕನ್ನಡದವರು ಸೇರಿ ಕಟ್ಟಿದ ಭಜನಾ ಮಂಡಳಿ ನಮ್ಮದು. ಏಕಾದಶಿಗೊಮ್ಮೆ ಒಂದು ಸಣ್ಣ ಸಭಾಗೃಹದಲ್ಲಿ ವಿಠಲನ ಮೂರ್ತಿಯ ಮುಂದೆ ಕೂತು ಹಾಡುತ್ತೇವೆ. ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಹಿರಿಯರು ತೀರಿಕೊಂಡ ಮೇಲೆ ಸ್ವರ ಹಿಡಿದು ನಡೆಸುವವರು ಇಲ್ಲದಾಯಿತು. ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗೆ. ವಿಠಲ ನಡುವೆ ನಿಂತಿದ್ದ.

ನನ್ನ ಮಗಳು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕಾಲೇಜಿನಲ್ಲಿದ್ದಾಗ ಎಲೆಕ್ಟ್ರಿಕ್ ಗಿಟಾರು ಕಲಿತಿದ್ದಳು. “ನಾನು ನುಡಸ್ತೀನಿ” ಎಂದಳು. ಚಿಕ್ಕವಳಿದ್ದಾಗಿನಿಂದ ಆ ಪೇಟಿಯ ಪಕ್ಕದಲ್ಲೇ ಕೂತು ಬೆಳೆದವಳು ಅವಳು. ದೇವರನಾಮಗಳನ್ನು ವೀಣೆಯವರ ಹಾಗೆ ತಂತಿ ಎಳೆದು ಎಳೆದು ನುಡಿಸಿದಾಗ ಹೆಂಗಸರು ಕಣ್ಣು ಒರೆಸಿಕೊಂಡರು. ನನಗೂ ಕಣ್ಣಲ್ಲಿ ಏನೋ ಬಿತ್ತು.

ಒಂದೇ ಒಂದು ಕೊರತೆ. ಅವಳು ಮೂರ್ತಿಗೆ ಮುಖ ಮಾಡಿ ಕೂತರೆ ಗಿಟಾರಿನ ಸ್ಪೀಕರು ‘ಗುಂಯ್’ ಎಂದು ನರಳುತ್ತಿತ್ತು. ಬಾಗಿಲ ಕಡೆ ತಿರುಗಿದರೆ ಸುಮ್ಮನಾಗುತ್ತಿತ್ತು. ಮತ್ತೆ ದೇವರ ಕಡೆ ತಿರುಗಿದರೆ ಮತ್ತೆ ಗುಂಯ್.

ನಮ್ಮ ಮಂಡಳಿಯ ಅಧ್ಯಕ್ಷರು ಕರಾವಳಿಯವರು, ಎರಡು ಹೋಟೆಲಿನ ಯಜಮಾನರು. ಅವರು ಕಣ್ಣು ದೊಡ್ಡದು ಮಾಡಿದರು.

“ಎಂತದು ಮಾರಾಯ್ರೆ ಇದು? ಬಾಗಿಲು ಕಂಡ್ರೆ ಸುಮ್ಮನಿರ್ತದೆ, ದೇವರ ಮುಖ ಕಂಡ ಕೂಡ್ಲೆ ನರಳ್ತದೆ! ನನ್ನ ಆಯುಷ್ಯದಲ್ಲಿ ಇಂಥದ್ದು ಕಂಡದ್ದು ಎರಡೇ. ಒಂದು ಇದು. ಇನ್ನೊಂದು ನಮ್ಮ ಹೋಟೆಲಿನ ಹಳೆ ಮ್ಯಾನೇಜರು.”

“ನಾನು ಬಾಗಿಲ ಕಡೆ ತಿರುಗೇ ಕೂಡ್ತೀನಿ ಬಿಡ್ರಿ,” ಎಂದಳು ಮಗಳು.

“ದೇವರಿಗೆ ಬೆನ್ನು ಹಾಕಿ ಭಜನೆಯಾ?”

ಇದಕ್ಕೆ ನಾನೂ ಒಪ್ಪಲಿಲ್ಲ. ದೇವರಿಗೆ ಬೆನ್ನು ತೋರಿಸಿ ಕೂಡಲಿಕ್ಕೆ ಪುಣೆಯಲ್ಲಿ ಬೇರೆ ಜಾಗಗಳು ಬೇಕಾದಷ್ಟಿವೆ.

ಮರುದಿನ ಸಭಾಗೃಹದ ತಂತಿಗಳನ್ನೆಲ್ಲ ಪರೀಕ್ಷೆ ಮಾಡಿದೆ. ಪ್ಲಗ್ಗಿನ ಮೂರನೆಯ ಪಿನ್ನು, ಅದೇ ಅರ್ಥಿಂಗಿನದು, ಬೋರ್ಡಿಗೆ ಹೋಗುವುದಿಲ್ಲವೆಂದು ಯಾರೋ ಮುರಿದು ಒಗೆದಿದ್ದರು. ಯಾರೋ ಏನು, ಅಧ್ಯಕ್ಷರೇ; ಕೇಳಿದ್ದಕ್ಕೆ “ಎರಡು ಸಾಕಲ್ವಾ, ಮೂರ್ಯಾಕೆ?” ಎಂದರು. ಅದನ್ನು ಸರಿಮಾಡಿದೆ. ಒಂದೊಂದು ಸ್ವಿಚ್ಚು, ಒಂದೊಂದು ಟ್ಯೂಬ್‌ಲೈಟು ನೋಡಿದೆ. ಮೂರ್ತಿಯ ಹಿಂದೆ ಬಣ್ಣದ ದೀಪ ಹೊತ್ತು ಸುತ್ತುವ ಪ್ರಭೆಯ ಚಕ್ರವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದೆ. ಆ ಚಕ್ರ ನಾನೇ ಮಾಡಿಸಿ, ಮೋಟಾರು ನನ್ನ ಕೈಯಾರೆ ಸುತ್ತಿ, ದೇವರಿಗೆ ಅರ್ಪಿಸಿದ ಸೇವೆ. ಸೇವೆಯಲ್ಲಿ ಸಂಶಯ ಪಡುವುದು ಭಕ್ತನ ಲಕ್ಷಣವಲ್ಲ.

ಏನು ಮಾಡಿದರೂ ಮುಂದಿನ ಏಕಾದಶಿಗೂ ಗುಂಯ್ ಹೋಗಲಿಲ್ಲ. ಅಧ್ಯಕ್ಷರು ಅಪ್ಪಣೆ ಕೊಟ್ಟರು: “ಆಷಾಢ ಏಕಾದಶಿಯವರೆಗೆ ನೋಡ್ತೇನೆ. ಆವತ್ತೂ ನರಳಿದ್ರೆ ಗಿಟಾರು ಬಂದ್. ಮೊಬೈಲಿನಲ್ಲಿ ಟ್ರ್ಯಾಕು ಹಾಕಿ ಹಾಡುವಾ. ಮೊಬೈಲು ಯಾವ ದೇವರೆದುರೂ ನರಳುವುದಿಲ್ಲ.”

ಮಾತು ಮುಗಿಯುವುದಕ್ಕೂ ಮಂಗಳಾರತಿ ಶುರುವಾಗುವುದಕ್ಕೂ ಸರಿಹೋಯಿತು. ಅಧ್ಯಕ್ಷರ ಕಿಸೆಯೊಳಗಿಂದ ಸಿನೆಮಾದ ಕುಣಿತದ ಹಾಡು ಎದ್ದಿತು. ಅವರು ಅದನ್ನು ಎರಡೂ ಕೈಯಿಂದ ಅಮುಕುತ್ತ ಹೊರಗೆ ಓಡಿದರು. ಆರತಿ ಮುಗಿದು ತೀರ್ಥ ಹಂಚುವವರೆಗೂ ಗ್ಯಾಸ್ ಸಿಲಿಂಡರಿನವನ ಸಂಗಡ ಜಗಳ ಆಡುತ್ತ ನಿಂತಿದ್ದರು. ದೇವರಿಗೆ ಬೆನ್ನು ಮಾಡಿ.

೨. ತುಕ್ಕಿಗೆ ಬಂದ ಕಾಲ

“ಪಿಕಪ್ ಬದಲಿಸೋಣ ಅಪ್ಪಾ,” ಎಂದಳು ಮಗಳು. “ಜೋಡಿ ಸುರುಳಿದು ಹಾಕಿದ್ರ ಎಲ್ಲಾ ಸುಮ್ನ ಮುಗೀತದ.” ಹೇಳುವಾಗ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಗೋಡೆ ನೋಡಿದಳು.

ಪಿಕಪ್ ಎಂದರೆ ದೊಡ್ಡ ವಿದ್ಯೆ ಏನಲ್ಲ. ಗಿಟಾರಿನ ತಂತಿಗಳ ಕೆಳಗೆ ಬೆರಳುದ್ದದ ಒಂದು ಡಬ್ಬಿ. ಅದರೊಳಗೆ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ಅದುರಿದರೆ ಈ ಸುರುಳಿಯಲ್ಲಿ ಕರೆಂಟು ಹುಟ್ಟಿ ಸ್ಪೀಕರಿಗೆ ಹೋಗುತ್ತದೆ. ನಾನು ದಿನಾ ಸುತ್ತುವುದೂ ಅದನ್ನೇ. ನನ್ನದು ತಿರುಗುತ್ತದೆ, ಅದು ಹಾಡುತ್ತದೆ; ಇಷ್ಟೇ ಫರಕು.

ಪೇಟೆಯ ಒಂದು ವಾದ್ಯದ ಅಂಗಡಿಗೆ ಹೋದೆವು. ಮಾರುವವ ಗಡ್ಡ ಬಿಟ್ಟಿದ್ದ, ಮಾತು ಮರಾಠಿ. ಇಲ್ಲಿ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಗಾಜಿನ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು ವಜ್ರದ ಹರಳಿನ ಹಾಗೆ ಬಟ್ಟೆಯ ಮೇಲೆ ಇಟ್ಟ.

“ಇದರ ಸ್ವರ ಬೆಣ್ಣೆ, ಕಾಕಾ.”

“ಹೂಂ.”

“ಇದು ಕೆನೆ.”

“ಹೂಂ.”

“ಇದು ಜೇನು. ಹಿಂದಿನಿಂದ ಸ್ವಲ್ಪ ಹೊಗೆ ಬರುತ್ತದೆ.”

“ತಮ್ಮಾ, ಇದರಾಗ ಸ ರಿ ಗ ಮ ಅನ್ನೂದು ಯಾವುದರ ಅದ ಏನು? ಇಲ್ಲಾ ಎಲ್ಲಾ ತಿನ್ನೂವೇನು?”

ಅವನಿಗೆ ನಗು ಬರಲಿಲ್ಲ. ವಿದ್ವಾಂಸರಿಗೆ ಬರುವುದಿಲ್ಲ. ಇನ್ನೊಂದು ತೆಗೆದ. “ಇದು ಕೈಯಿಂದ ಸುತ್ತಿದ್ದು. ಯಂತ್ರದ್ದಲ್ಲ. ಬೇಕೆಂದೇ ಸಾಲು ತಪ್ಪಿಸಿ ಅಡ್ಡಾದಿಡ್ಡಿ ಸುತ್ತುತ್ತಾರೆ. ಅದಕ್ಕೇ ಬೆಲೆ ದುಪ್ಪಟ್ಟು.”

ನಾನು ಕೆಲಸ ಕಲಿತದ್ದು ಪುಣೆ ಹತ್ತಿರದ ಭೋರ್‌ನಲ್ಲಿ, ಒಬ್ಬ ವೃದ್ಧ ಮಿಸ್ತ್ರಿಯ ಕೈಕೆಳಗೆ. ಸುತ್ತು ಒಂದು ಸಾಲು ತಪ್ಪಿದರೆ ಅವರು ಮರದ ಸುತ್ತಿಗೆಯಿಂದ ನನ್ನ ಬೆರಳ ಗೆಣ್ಣಿಗೆ ಒಂದು ಬಡಿಯುತ್ತಿದ್ದರು. ಈ ಅಂಗಡಿಯ ಲೆಕ್ಕದಲ್ಲಿ ನೋಡಿದರೆ ಮೊದಲ ದಿನವೇ ನಾನು ಪರಿಪೂರ್ಣನಾಗಿದ್ದೆ. ಗುರುಗಳು ಬಡಿದು ಬಡಿದು ಕೆಡಿಸಿದರು.

ಮಗಳು ಸೌಮ್ಯವಾಗಿ, “ಜೋಡಿ ಸುರುಳಿದು ತೋರಸ್ರಿ,” ಎಂದಳು. ಮೇಲಿಂದ ನೋಡಿದರೆ ಒಂಟಿ ಸುರುಳಿಯದರಷ್ಟೇ ಅಗಲ, ಒಳಗೆ ಎರಡು ಸುರುಳಿ. ಗಡ್ಡದವ ಅದನ್ನೂ ಬೆಣ್ಣೆ ಎಂದೇ ಕರೆದ. ನನ್ನ ಮನಸ್ಸು ಅಲ್ಲಿಗೇ ಮುರಿಯಿತು. ಎಲ್ಲವನ್ನೂ ಬೆಣ್ಣೆ ಎನ್ನುವವನ ಅಂಗಡಿಯಲ್ಲಿ ಮಜ್ಜಿಗೆಯನ್ನೂ ಕೊಳ್ಳಬಾರದು.

ಕೊನೆಗೆ ಆತ ಕೀಲಿ ಹಾಕಿದ ಕಪಾಟು ತೆರೆದ. ಒಳಗಿದ್ದ ಪಿಕಪ್ಪಿಗೆ ತುಕ್ಕು ಹಿಡಿದಿತ್ತು, ಮೈಯೆಲ್ಲ ಗೀರು, ಬಣ್ಣ ಹಳದಿಯಾಗಿತ್ತು.

“ಇದು ಹಳೇದು ಏನು?”

“ಇಲ್ಲ ಕಾಕಾ, ಹೊಚ್ಚ ಹೊಸದು. ಕಾರಖಾನೆಯಲ್ಲೇ ತುಕ್ಕು ಹಿಡಿಸಿ, ಗೀರಿ ಕಳಿಸುತ್ತಾರೆ. ಹಳೆಯದರ ಗುಣ ಬರಲಿ ಅಂತ. ಇದು ಎಲ್ಲಕ್ಕಿಂತ ತುಟ್ಟಿ.”

ನಮ್ಮ ಕಡೆ ಹೆಣ್ಣುಮಕ್ಕಳು ಹಳೆಯ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹೊಸದರಂತೆ ಮಾಡುತ್ತಾರೆ. ಇಲ್ಲಿ ಹೊಸದನ್ನು ಹಾಳು ಮಾಡಲಿಕ್ಕೆ ಪಗಾರ ಕೊಟ್ಟು ಆಳು ಇಟ್ಟಿದ್ದಾರೆ. ನಾನು ನಿಧಾನವಾಗಿ ಹೇಳಿದೆ, “ನನ್ನ ಅಂಗಡಿ ಮೂಲ್ಯಾಗ ಒಂದು ಸುರುಳಿ ಬಿದ್ದದ. ಪೂರಾ ತುಕ್ಕು, ಪೂರಾ ಗೀರು. ಹೊಗಿ ಅಂತೂ ಭಾಳ ಬಂದಿತ್ತು.”

ಗಡ್ಡದವನ ಕಣ್ಣು ಮಿಂಚಿತು. ದನಿ ತಗ್ಗಿಸಿದ.

“ಯಾವ ಗಿಟಾರಿನದು ಕಾಕಾ?”

“ಬೋರ್‌ವೆಲ್ ಪಂಪಿಂದು.”

೩. ಹನ್ನೊಂದು ಗಿಟಾರಿನ ಯಜಮಾನ

ಮಗಳ ಶಾಲೆಯಲ್ಲಿ ವಿಜ್ಞಾನ ಕಲಿಸುವ ಒಬ್ಬ ಹೆಣ್ಣುಮಗಳಿದ್ದಾಳೆ, ಬೆಂಗಳೂರಿನವಳು. ಅವಳ ಗಂಡ ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ, ಪಿಕಪ್ಪಿನ ವಿಷಯದಲ್ಲಿ ಅವನನ್ನು ಬಿಟ್ಟರೆ ಇಲ್ಲ ಎಂದರು. ಒಂದು ಭಾನುವಾರ ಎರಡು ಬಸ್ಸು ಬದಲಿಸಿ ವಾಕಡಕ್ಕೆ ಹೋದೆವು.

ಹದಿನಾಲ್ಕನೆಯ ಮಜಲೆಯ ಮನೆ. ಗೋಡೆಯ ಮೇಲೆ ಹನ್ನೊಂದು ಗಿಟಾರು ತೂಗುಹಾಕಿದ್ದ. ನಮ್ಮ ಮನೆಯ ದೇವರ ಜಗಲಿಯ ಮೇಲೂ ಅಷ್ಟು ಮೂರ್ತಿಗಳಿಲ್ಲ. ಕೈ ಮುಗಿಯಬೇಕೋ ಏನೋ ಎಂದು ಹತ್ತಿರ ಹೋದೆ.

“ಅಂಕಲ್, ಪ್ಲೀಸ್, ಟಚ್ ಮಾಡ್ಬೇಡಿ. ಕೈ ಬೆವರು ಅವಕ್ಕೆ ಆಗಲ್ಲ.”

“ಹಂಗಾದ್ರ ನುಡಸೂದು ಹ್ಯಾಂಗ್ರಿ?”

“ವೀಕ್ಲಿ ಒಂದ್ಸಲ ಗ್ಲೌಸ್ ಹಾಕ್ಕೊಂಡು ಒರಸ್ತೀನಿ.”

ನಾನು ಕೇಳಿದ್ದು ಒಂದು, ಅವನು ಹೇಳಿದ್ದು ಒಂದು. ಇರಲಿ. ಲ್ಯಾಪ್‌ಟಾಪಿನಲ್ಲಿ ಗೆರೆಗಳನ್ನು ತೋರಿಸಿದ. ಒಂದು ಗೆರೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ಇನ್ನೊಂದು ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಮೇಲಿಂದ ಕೆಳಗೆ ಬಂದದ್ದರಲ್ಲಿ ಆತ್ಮ ಇದೆ, ಇನ್ನೊಂದರಲ್ಲಿ ಇಲ್ಲ ಎಂದ. ಆತ್ಮದ ವಿಷಯ ಹರಿದಾಸರ ಕಡೆಯಿಂದ ನಾನು ಸಾಕಷ್ಟು ಕೇಳಿದ್ದೇನೆ. ಗೆರೆಯಲ್ಲಿ ನೋಡಿದ್ದು ಇದೇ ಮೊದಲು.

ಆಮೇಲೆ ಒಂದು ಗಿಟಾರು ಇಳಿಸಿ ಒಂದೇ ತಂತಿಯನ್ನು ಒಂದೇ ಸಲ ಮೀಟಿದ. ‘ಟಂಯ್.’ ಕಣ್ಣು ಮುಚ್ಚಿಕೊಂಡ. ಅದನ್ನು ಇಟ್ಟು ಇನ್ನೊಂದು ಇಳಿಸಿದ. ‘ಟಂಯ್.’

“ಡಿಫರೆನ್ಸ್ ಕೇಳಿಸ್ತಾ ಅಂಕಲ್?”

“ಕೇಳಿಸ್ತು.”

“ಏನು?”

“ಎರಡನೇದಕ್ಕ ಹೊರಗ ಲಿಫ್ಟ್ ಬಂತು.”

ಮಗಳು ನನ್ನ ಮೊಣಕೈಗೆ ತಿವಿದಳು. ದೇವರ ಮುಂದೆ ನರಳುವ ಕಥೆಯನ್ನು ಅವಳೇ ಹೇಳಿದಳು. ಆತ ಗಂಭೀರನಾದ.

“ಅಂಕಲ್, ಇದಕ್ಕೆ ಜೋಡಿ ಕಾಯಿಲ್ ಒಂದೇ ಸೊಲ್ಯೂಷನ್ನು. ಒಂದನ್ನ ಇನ್ನೊಂದರ ಉಲ್ಟಾ ಸುತ್ತಿರ್ತಾರೆ. ಹೊರಗಿನ ಹಮ್, ಅಂದ್ರೆ ಆ ಗುಂಯ್, ಎರಡರೊಳಗೂ ಬಂದು ಒಂದನ್ನೊಂದು ಹೊಡೆದು ಹಾಕುತ್ತೆ; ಮ್ಯಾಗ್ನೆಟ್ಟೂ ಉಲ್ಟಾ ಇರೋದ್ರಿಂದ ಸ್ವರ ಮಾತ್ರ ಉಳಿಯುತ್ತೆ. ಆಕ್ಚುಲಿ, ಮೊದ್ಲು ಆ ಕಡೆ ಯಾವ್ದಾದ್ರೂ ಮೋಟಾರ್ ಇದೆಯಾ ನೋಡಿ. ಇರ್ಲೇಬೇಕು.”

ಮಗಳಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು.

“ಮೋಟಾರಿನ ಸುದ್ದಿ ನನಗ ಹೇಳಬ್ಯಾಡ್ರಿ,” ಎಂದೆ. “ಮೂವತ್ತು ವರ್ಷ ಆತು.”

ಇಂದು ವಿಚಾರ ಮಾಡಿದರೆ ಆ ಮನುಷ್ಯ ಹೇಳಿದ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಹನ್ನೊಂದು ಗಿಟಾರು ಗೋಡೆಗೆ ಹಾಕಿ ಒಂದು ತಂತಿ ಮೀಟುವವನ ಬಾಯಿಂದ ಬಂದ ಸತ್ಯವನ್ನು ಹೊಟ್ಟೆಗೆ ಇಳಿಸುವುದು ಕಷ್ಟ. ತಟ್ಟೆ ಜಿಡ್ಡಿದ್ದರೆ ಪ್ರಸಾದವೂ ಸೇರುವುದಿಲ್ಲ.

ಹೊರಡುವಾಗ ಮಗಳು ಸಭ್ಯತೆಗೆ ಹೇಳಿದಳು, “ಸರ್, ಒಂದು ಹಾಡರ ನುಡಸ್ರಿ.”

“ಇಲ್ಲ, ಇನ್ನೂ ನನ್ ಟೋನ್ ಫೈನಲ್ ಆಗಿಲ್ಲ. ಮುಂದಿನ ತಿಂಗಳು ಹೊಸ ಪಿಕಪ್ ಬರುತ್ತೆ.”

ಅವನ ಹೆಂಡತಿ ಚಕ್ಕುಲಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಮಗು ಹುಟ್ಟಿದಾಗ ಒಂದು ಜೋಗುಳ ನುಡಿಸಿ ಅಂದೆ. ಟೋನ್ ಫೈನಲ್ ಆಗ್ಲಿ ಅಂದ್ರು. ಮಗು ಈಗ ಎಂಟನೇ ಕ್ಲಾಸು.”

೪. ಮೇರುಮಣಿ

ಬೆಣ್ಣೆಯವನೂ ಬೇಡ, ಗೆರೆಯವನೂ ಬೇಡ, ನಾನೇ ಸುತ್ತುತ್ತೇನೆ ಎಂದು ನಿರ್ಧರಿಸಿದೆ. “ಜೋಡಿ ಗೀಡಿ ಏನೂ ಬ್ಯಾಡ. ಒಂಟೀನ, ಆದ್ರ ಶುದ್ಧ ಕೆಲಸ. ಸಾಲು ಸಾಲು.” ಮಗಳು ಏನೋ ಹೇಳಲಿಕ್ಕೆ ಬಾಯಿ ತೆರೆದು ಮುಚ್ಚಿದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ. ಅವಳ ಗಿಟಾರಿನಲ್ಲಿ ಮೂರು ಪಿಕಪ್ಪುಗಳಿವೆ, ಭಜನೆಗೆ ಬಳಸುವುದು ಒಂದನ್ನೇ. ಅದನ್ನು ಕಿತ್ತು, ಹಳೆಯ ಸುರುಳಿಯನ್ನು ಕತ್ತರಿಸಿ ಒಗೆದೆ. ಇನ್ನು ಹಿಂದೆ ಹೋಗುವ ದಾರಿಯಿರಲಿಲ್ಲ. ಏಕಾದಶಿಗೆ ನಾಲ್ಕು ದಿನ ಉಳಿದಿತ್ತು.

ಅಂಥ ತೆಳ್ಳಗಿನ ತಂತಿ ಮುಟ್ಟಿದರೆ ಹರಿಯುತ್ತದೆ. ಉಸಿರು ಬಿಗಿಹಿಡಿದು ಸುತ್ತಬೇಕು. ನನ್ನ ಕೈಯಂತ್ರದಲ್ಲಿ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಸುರುಳಿಗೆ ಹತ್ತು ಸುತ್ತು ಬೀಳುತ್ತದೆ. ಸುತ್ತು ಎಣಿಸುವ ಮೀಟರು ಕೆಟ್ಟು ವರ್ಷವಾಗಿತ್ತು. (ಬಡಿಗನ ಮನೆಯ ಬಾಗಿಲು ಎಂದೂ ಸರಿ ಇರುವುದಿಲ್ಲ.) ಬೇಕಾದದ್ದು ಹತ್ತಿರ ಹತ್ತಿರ ಎಂಟೂವರೆ ಸಾವಿರ ಸುತ್ತು. ಆಗ ದೇವರೇ ಬುದ್ಧಿ ಕೊಟ್ಟ ಹಾಗಾಯಿತು. ಜಪಮಾಲೆಯಲ್ಲಿ ನೂರೆಂಟು ಮಣಿ. ಮಣಿಗೊಂದು ಹಿಡಿಕೆಯ ಸುತ್ತು, ಒಟ್ಟು ಎಂಟು ಮಾಲೆ. ಎಣಿಕೆಯೂ ಆಯಿತು, ನಾಮಸ್ಮರಣೆಯೂ ಆಯಿತು. ಯಾವ ಕಾರಖಾನೆಯಲ್ಲಿ ಇಂಥ ಪಿಕಪ್ ಸಿಗುತ್ತದೆ?

ಬೆಳಿಗ್ಗೆ ಸ್ನಾನ ಮುಗಿಸಿ ಕೂತೆ. ತಂತಿ ದಾರಿ ತಪ್ಪದಂತೆ ಅದಕ್ಕೊಂದು ಕೊಕ್ಕೆ ಕಟ್ಟಿದೆ. ಬಲಗೈಯಲ್ಲಿ ಹಿಡಿಕೆ, ಎಡಗೈಯಲ್ಲಿ ಮಾಲೆ. ವಿಠಲ ಎಂದರೆ ಒಂದು ಮಣಿ, ಒಂದು ಸುತ್ತು. ಒಂದು ಮಾಲೆ ಮುಗಿದಾಗ ಸುತ್ತು ಸಡಿಲಾಗದಂತೆ ತುಂಡು ಟೇಪು ಹಚ್ಚಿದೆ, ಮತ್ತೆ ಮುಂದುವರಿದೆ. ಮಧ್ಯಾಹ್ನದ ಹೊತ್ತಿಗೆ ಎಂಟು ಮಾಲೆ ಮುಗಿಯಿತು. ಒಂದು ಸಲವೂ ತಂತಿ ಹರಿಯಲಿಲ್ಲ. ಭಕ್ತಿಯಿಂದ ಮಾಡಿದ ಕೆಲಸ ಹೀಗಿರುತ್ತದೆ ಎಂದು ಹೆಂಡತಿಗೆ ಎರಡು ಸಲ ಹೇಳಿದೆ.

ಮಗಳು ಶಾಲೆಯಿಂದ ಬಂದಳು. ಪಿಕಪ್ ಕೂಡಿಸಿ, ಸ್ಪೀಕರಿಗೆ ಜೋಡಿಸಿ, ತಂತಿ ಮೀಟಿದಳು. ಸದ್ದಿಲ್ಲ. ಜೋರಾಗಿ ಮೀಟಿದಳು. ಸದ್ದಿಲ್ಲ. ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಹೊರಗೆ ಕಾಯಿಪಲ್ಲೆಯವ ಕೂಗುವುದು ಕೇಳಿಸಿತು.

ಕರೆಂಟಿನ ಮೀಟರು ಹಚ್ಚಿ ನೋಡಿದೆ. ತಂತಿ ಎಲ್ಲೂ ಹರಿದಿರಲಿಲ್ಲ. ಎಲ್ಲವೂ ಸರಿಯಾಗಿತ್ತು. ಧ್ವನಿ ಮಾತ್ರ ಇರಲಿಲ್ಲ.

“ಅಪ್ಪಾ, ಹ್ಯಾಂಗ ಸುತ್ತಿದ್ರಿ? ನನ್ನ ಮುಂದ ಮಾಡಿ ತೋರಸ್ರಿ.”

ಖಾಲಿ ಯಂತ್ರದಲ್ಲಿ ಮಾಡಿ ತೋರಿಸಿದೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೂತಳು. ಒಂದು ಮಾಲೆ ಮುಗಿಯಿತು. ಜಪ ಮಾಡುವವರಿಗೆ ಗೊತ್ತಿರುತ್ತದೆ: ಮಾಲೆಯ ತುದಿಯಲ್ಲಿ ಒಂದು ದೊಡ್ಡ ಮಣಿ, ಅದು ಮೇರು. 

ಮೇರುವನ್ನು ದಾಟಬಾರದು. ಅಲ್ಲಿಗೆ ಬಂದಾಗ ಮಾಲೆಯನ್ನು ತಿರುವಿ, ಬಂದ ದಾರಿಯಲ್ಲೇ ಹಿಂದೆ ಹೋಗಬೇಕು. ನಮ್ಮ ಅಜ್ಜಿ ಕಲಿಸಿದ್ದು; ಐವತ್ತು ವರ್ಷದ ರೂಢಿ. ನಾನು ಮಾಲೆಯನ್ನು ತಿರುವಿದೆ.

ಬಲಗೈಯೂ ತಿರುವಿತು.

“ನಿಲ್ರಿ,” ಎಂದಳು ಮಗಳು. “ಈಗ ಹಿಡಿಕಿ ಯಾಕ ಉಲ್ಟಾ ತಿರುಗಸ್ಲಿಕ್ಕತ್ತೀರಿ?”

ನಾನು ನನ್ನ ಕೈಯನ್ನು ನೋಡಿದೆ. ಅದು ಪರರ ಕೈಯಂತೆ ಕಂಡಿತು.

“ಎಂಟು ಮಾಲಿ,” ಎಂದಳು ಗಣಿತ ಕಲಿಸುವವಳು. “ನಾಲ್ಕು ಹಿಂಗ, ನಾಲ್ಕು ಹಂಗ. ಹಿಂಗ ಹುಟ್ಟಿದ್ದನ್ನ ಹಂಗ ಹುಟ್ಟಿದ್ದು ಹೊಡದು ಹಾಕ್ಯದ. ಉತ್ತರ ಸೊನ್ನಿ.”

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಳಗಿಂದ ಹೇಳಿದಳು, “ನರಳೂದಂತೂ ನಿಂತತಲ್ಲ? ಹಿಂಗ ಒಯ್ಯಿರಿ. ಅಧ್ಯಕ್ಷರು ಏನೂ ಅನ್ನೂದಿಲ್ಲ.”

೫. ಆಷಾಢ ಏಕಾದಶಿ

ಮರುದಿನ ಮಾಲೆಯನ್ನು ದೇವರ ಜಗಲಿಯ ಮೇಲೆ ಇಟ್ಟು, ಹಿಡಿಕೆಯ ಸುತ್ತಿಗೊಂದು ಕಾಳು ಎಣಿಸಿ, ಒಂದೇ ದಿಕ್ಕಿಗೆ ಸುತ್ತಿದೆ. ಮಗಳು ಮೀಟಿದಳು. ಮನೆ ತುಂಬ ಗಂಟೆ ಹೊಡೆದ ಹಾಗೆ ನಾದ. ಗುಂಯ್ ಎಂಬುದು ಹೆಸರಿಗೂ ಇಲ್ಲ.

“ಕೇಳಿದ್ಯಾ?” ಎಂದೆ ಹೆಂಡತಿಗೆ. “ಬೆಣ್ಣಿ ಅಲ್ಲ, ಕೆನಿ ಅಲ್ಲ. ಇದಕ್ಕ ಸ್ವರ ಅಂತಾರ.”

“ಸ್ವರ ಛಲೋ ಅದ. ಆದ್ರ ಮನ್ಯಾಗ ಅದು ಮೊದಲ ಯಾವಾಗ ಗುಂಯ್ ಅಂದಿತ್ತು?”

ಹೆಂಗಸರಿಗೆ ವೈಂಡಿಂಗ್ ತಿಳಿಯುವುದಿಲ್ಲ.

ಏಕಾದಶಿಯ ಸಂಜೆ ಸಭಾಗೃಹ ತುಂಬಿತ್ತು. ಪಂಢರಪುರಕ್ಕೆ ಹೋಗಲಾಗದವರೆಲ್ಲ ಬಂದಿದ್ದರು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಒಂದು ಸ್ಟೂಲು ಹಾಕಿಸಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಮೊಬೈಲು ಇಟ್ಟಿದ್ದರು. ಅದಕ್ಕೆ ಕುಂಕುಮ ಹಚ್ಚುವುದೊಂದು ಬಾಕಿ. ಮಗಳು ಮೂರ್ತಿಗೆ ನಮಸ್ಕಾರ ಮಾಡಿ, ಮುಖ ಮಾಡಿ ಕೂತು, ಗಿಟಾರಿನ ವೈರು ಚುಚ್ಚಿದಳು.

ಗುಂಯ್.

ಮೊದಲಿಗಿಂತ ಜೋರಾಗಿತ್ತು. ನನ್ನ ಶುದ್ಧ ಕೆಲಸ, ಬಂದದ್ದನ್ನೆಲ್ಲ ಚೆನ್ನಾಗಿ ಹಿಡಿದುಕೊಂಡಿತ್ತು.

“ನೋಡಿ, ನೋಡಿ!” ಅಧ್ಯಕ್ಷರು ಎದ್ದರು. “ನಾನು ಹೇಳಿದ್ದಲ್ವಾ? ಇದಕ್ಕೂ ದೇವರಿಗೂ ಆಗುವುದಿಲ್ಲ. ಸಾಕು ಮಗಾ, ಎತ್ತಿಡು. ಟ್ರ್ಯಾಕು ಹಾಕ್ತೇನೆ.”

ಮಗಳು ತಲೆ ತಗ್ಗಿಸಿ ಹೆಗಲಿನ ಪಟ್ಟಿಯನ್ನು ಬಿಚ್ಚತೊಡಗಿದಳು. ಜೀವಮಾನದಲ್ಲಿ ಎಷ್ಟೋ ಮೋಟಾರು ಸುಟ್ಟಿದ್ದನ್ನು ಕಂಡಿದ್ದೇನೆ. ಆ ಗಳಿಗೆಯಲ್ಲಿ ಸುಟ್ಟಿದ್ದು ಬೇರೆ.

ಅಷ್ಟರಲ್ಲಿ ಅರ್ಚಕರು ತುಳಸಿಮಾಲೆ ಹಿಡಿದು ಮೂರ್ತಿಯ ಹತ್ತಿರ ಹೋದರು. ಮಾಲೆ ಆಳೆತ್ತರದ್ದು. ಹಿಂದೆ ತಿರುಗುವ ಚಕ್ರಕ್ಕೆ ಸಿಕ್ಕೀತೆಂದು ಅದರ ಸ್ವಿಚ್ಚು ಆರಿಸಿದರು. ಚಕ್ರ ನಿಂತಿತು.

ಗುಂಯ್ ನಿಂತಿತು.

ಅರ್ಚಕರು ಮಾಲೆ ಹಾಕಿ, ಸ್ವಿಚ್ಚು ಒತ್ತಿದರು. ಚಕ್ರ ಸುತ್ತಿತು. ಗುಂಯ್.

ಅವರು ತಿರುಗಿ ಗಿಟಾರು ನೋಡಿದರು, ಚಕ್ರ ನೋಡಿದರು. ಆರಿಸಿದರು. ಶಾಂತ. ಹಚ್ಚಿದರು. ಗುಂಯ್. ಅವರಿಗೆ ಅದರಲ್ಲಿ ಒಂದು ಬಗೆಯ ಆನಂದ ಸಿಕ್ಕ ಹಾಗಿತ್ತು. ನಾಲ್ಕು ಸಲ ಮಾಡಿದರು.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಚಕ್ರದ ಹತ್ತಿರ ಹೋದರು. ಅದರ ಕೆಳಗೆ ಕೆಂಪು ಬಣ್ಣದಲ್ಲಿ ಬರೆಸಿದ ಫಲಕವನ್ನು ಸಂಕಲ್ಪ ಹೇಳುವ ರಾಗದಲ್ಲಿ, ಎಲ್ಲರಿಗೂ ಕೇಳುವಂತೆ ಓದಿದರು. ಮೊದಲು ‘ಸೇವಾರ್ಥ’ ಎಂದು ನನ್ನ ಹೆಸರು. ಆಮೇಲೆ ನನ್ನ ಅಂಗಡಿಯ ಹೆಸರು. ಅದರ ಕೆಳಗೆ, ಜಾಗ ಉಳಿದಿದೆಯಲ್ಲ ಎಂದು ನಾನೇ ಬರೆಸಿದ್ದ ಇನ್ನೊಂದು ಸಾಲು:

“ನಮ್ಮಲ್ಲಿ ಎಲ್ಲ ಬಗೆಯ ಮೋಟಾರುಗಳನ್ನು ಸದ್ದಿಲ್ಲದಂತೆ ಸುತ್ತಿಕೊಡಲಾಗುವುದು.”

ಸಭಾಗೃಹ ನಕ್ಕಿತು. ಹಿಂದಿನ ಸಾಲಿನಲ್ಲಿ ಕಿವಿ ಕೇಳದ ಒಬ್ಬ ಮುದುಕರಿದ್ದರು, ಅವರಿಗೆ ಪಕ್ಕದವರು ವಿವರಿಸಿದ ಮೇಲೆ ಅವರೊಬ್ಬರೇ ಪ್ರತ್ಯೇಕವಾಗಿ ನಕ್ಕರು.

ಅಧ್ಯಕ್ಷರು ಕನ್ನಡಕ ತೆಗೆದರು. “ಪಾಪ ಮಾರಾಯ್ರೆ, ಗಿಟಾರಿನದ್ದು ತಪ್ಪಿಲ್ಲ. ಅದು ನಿಮ್ಮ ಕೆಲಸ ಕಂಡು ಅತ್ತದ್ದು.”

ನಾನು ಎದ್ದು ಹೋಗಿ ಚಕ್ರದ ಪ್ಲಗ್ಗನ್ನು ಕೈಯಾರೆ ಕಿತ್ತೆ. “ದೇವರಿಗೆ ಅವನದ ಪ್ರಭೆ ಅದ,” ಎಂದೆ. ಬೇರೆ ಏನು ಹೇಳಲಿ? ಮಗಳ ಕಡೆ ತಿರುಗಿ, “ನುಡಸವ್ವಾ,” ಎಂದೆ.

ಅವಳು ನುಡಿಸಿದಳು. ವಿಠಲನ ಕಣ್ಣಲ್ಲಿ ಕಣ್ಣಿಟ್ಟು ನುಡಿಸಿದಳು. ಎರಡನೆಯ ಹಾಡಿನ ನಡುವೆ ಬಿಳಿ ಬಟ್ಟೆಯ ಮೇಲಿನ ಮೊಬೈಲು ತನ್ನ ಕುಣಿತದ ಹಾಡು ತೆಗೆದಾಗ, ಮುಂದೆ ಕೂತಿದ್ದ ಒಬ್ಬ ಅಜ್ಜಿ ತಾಳ ತಪ್ಪಿಸದೆ ಹೇಳಿದಳು, “ಅಧ್ಯಕ್ಷರ, ನಿಮ್ಮದು ದೇವರ ಮುಂದ ನರಳ್ಲಿಕ್ಕತ್ತದ ನೋಡ್ರಿ.”

ಮನೆಗೆ ನಡೆದು ಬರುವಾಗ ಮಗಳನ್ನು ಕೇಳಿದೆ, “ನಿನಗ ಯಾವಾಗ ಗೊತ್ತಾತು?”

“ಮೊದಲನೇ ಏಕಾದಶಿಗೇ.”

“ಮತ್ತ ಹೇಳಲಿಲ್ಲ?”

“ಅಷ್ಟು ದೊಡ್ಡ ಕೆಂಪು ಅಕ್ಷರದಾಗ ನಿಮ್ಮ ಹೆಸರಿತ್ತಲ್ಲ ಅಪ್ಪಾ. ಜೋಡಿ ಸುರುಳಿ ಹಾಕಿಬಿಟ್ರ ಯಾರಿಗೂ ತಿಳೀದಂಗ ಮುಗೀತಿತ್ತು. ಅದಕ್ಕ ಅಂಗಡ್ಯಾಗ ಅದನ್ನ ಕೇಳಿದೆ. ನೀವ ಬಿಡಲಿಲ್ಲ.”

ಉತ್ತರ ಕೊಟ್ಟದ್ದು ನನ್ನ ಹೆಂಡತಿ. ಅವಳು ಪ್ರಸಾದದ ಡಬ್ಬಿ ಹಿಡಿದು ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು.

“ಎರಡು ತಿಂಗಳಿಂದ ಅಂಗಡಿಯವ ಸುಳ್ಳ, ವಾಕಡದವ ಹುಚ್ಚ, ಅಧ್ಯಕ್ಷರು ದಡ್ಡ ಅಂತ ಮನಿ ತುಂಬ ಗುಂಯ್ ಅಂದಿರಿ. ಆ ಚಕ್ರದ್ದು ಪುಣ್ಯಾ, ಸ್ವಿಚ್ಚು ಹಿಂದ ಇತ್ತು, ಅರ್ಚಕರಿಗೆ ಸಿಕ್ತು. ನಿಮ್ಮದು ಎಲ್ಲಿ ಅದ ಅಂತ ಮದುವಿ ಆದಾಗಿಂದ ಹುಡುಕ್ಲಿಕ್ಕತ್ತೀನಿ.”